ಪುರಸಭೆ ಮಳಿಗೆ: ಹರಾಜು ಕೂಗಿದ ದಿನದಿಂದ ಕೀಲಿ ಸಿಗುವವರೆಗೆ

ಮೊನ್ನೆಯಷ್ಟೇ ನನ್ನ ಹೆಸರಿಗೆ ಪುರಸಭೆ ಮಳಿಗೆಯ ಕರಾರು ಪತ್ರ ನೋಂದಣಿಯಾಯಿತು. ಅವತ್ತಿನಿಂದ ಪರಿಚಯದವರು ಒಬ್ಬೊಬ್ಬರಾಗಿ ಬಂದು "ಹೇಗೆ ಹಿಡಿದ್ರಿ, ಎಷ್ಟಾಯ್ತು, ಯಾರನ್ನ ನೋಡ್ಬೇಕು" ಅಂತ ಕೇಳುತ್ತಿದ್ದಾರೆ. ಎಲ್ಲರಿಗೂ ಅದನ್ನೇ ಹೇಳಿ ಹೇಳಿ ಸಾಕಾಗಿ ಬರೆಯಲು ಕೂತಿದ್ದೇನೆ. ಊರ ಹೆಸರು ಬೇಡ. ತಾಲ್ಲೂಕು ಕೇಂದ್ರ, ಪುರಸಭೆ ಇರುವ ಊರು, ಅಷ್ಟು ಸಾಕು.

ನನ್ನದು ಮ್ಯಾಚಿಂಗ್ ಸೆಂಟರ್. ಬ್ಲೌಸ್ ಪೀಸ್, ಲೈನಿಂಗ್, ಫಾಲ್ಸ್, ಜಿಪ್, ಹುಕ್ಕು, ದಾರ. ಬಸ್ ನಿಲ್ದಾಣದ ಪಕ್ಕದ ಐಡಿಎಸ್‌ಎಂಟಿ ಕಾಂಪ್ಲೆಕ್ಸ್‌ನಲ್ಲಿ ಅಂಗಡಿ. ಈ ಹೆಸರಿನ ಕಾಂಪ್ಲೆಕ್ಸ್ ಕರ್ನಾಟಕದ ಬೇರೆ ಊರುಗಳಲ್ಲೂ ಇದೆ. ಸಣ್ಣ ಮತ್ತು ಮಧ್ಯಮ ಪಟ್ಟಣಗಳ ಅಭಿವೃದ್ಧಿಗೆ ಅಂತ ಕೇಂದ್ರ ಸರ್ಕಾರ 1979-80ರಲ್ಲಿ ತಂದ ಯೋಜನೆ ಅದು. ಆ ದುಡ್ಡಿನಲ್ಲಿ ಮಳಿಗೆ ಕಟ್ಟಿಸಿ, ಬಾಡಿಗೆಗೆ ಕೊಟ್ಟು, ಬಂದ ಆದಾಯದಲ್ಲಿ ಊರು ನಡೆಸಿಕೊಳ್ಳಲಿ ಅನ್ನುವ ಲೆಕ್ಕ. 2005ರಲ್ಲಿ ಯೋಜನೆ ಬೇರೊಂದರಲ್ಲಿ ಸೇರಿಹೋಯಿತು. ಹೆಸರು ಮಾತ್ರ ಆಟೋದವರ ಬಾಯಲ್ಲಿ ಉಳಿದುಕೊಂಡಿದೆ.

ನಾನು ಅಲ್ಲಿ ಒಳಬಾಡಿಗೆಗೆ ಇದ್ದೆ. ಮಳಿಗೆ ಪುರಸಭೆಯದು, ಗುತ್ತಿಗೆ ಇನ್ನೊಬ್ಬರ ಹೆಸರಲ್ಲಿ, ವ್ಯಾಪಾರ ನನ್ನದು. ಆ ಯಜಮಾನರಿಗೆ ತಿಂಗಳಿಗೆ 6,500 ರೂಪಾಯಿ ಕೊಡುತ್ತಿದ್ದೆ. ಅವರು ಪುರಸಭೆಗೆ ಎಷ್ಟು ಕಟ್ಟುತ್ತಾರೋ ನನಗೆ ಗೊತ್ತಿರಲಿಲ್ಲ. ಒಮ್ಮೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಉತ್ತರ ಬಂತು. ತಿಂಗಳಿಗೆ 900 ರೂಪಾಯಿ. ಅದೂ ಬಾಕಿ! ಗುತ್ತಿಗೆ ಅವಧಿ ಯಾವತ್ತೋ ಮುಗಿದಿತ್ತು, ಯಾರೂ ನವೀಕರಿಸಿರಲಿಲ್ಲ, ಯಾರೂ ಖಾಲಿ ಮಾಡಿಸಿಯೂ ಇರಲಿಲ್ಲ.

ಲೆಕ್ಕ ಹಾಕಿ ನೋಡಿ. ಒಂದೇ ಒಂದು ಮಳಿಗೆಯಲ್ಲಿ ತಿಂಗಳಿಗೆ 5,600 ರೂಪಾಯಿ ಪುರಸಭೆಗೂ ಹೋಗುತ್ತಿಲ್ಲ, ನನ್ನ ಹತ್ತಿರವೂ ಉಳಿಯುತ್ತಿಲ್ಲ. ಅದೇ ಪುರಸಭೆ ಬೀದಿದೀಪದ ಬಿಲ್ ಕಟ್ಟಲು ದುಡ್ಡಿಲ್ಲ ಅನ್ನುತ್ತೆ. ನನಗೆ ಹೊಟ್ಟೆ ಉರಿದದ್ದು ನಿಜ. ಆದರೆ ಒಳಬಾಡಿಗೆಯವರಿಗೆ ಕಾಗದದ ಮೇಲೆ ಅಸ್ತಿತ್ವವೇ ಇಲ್ಲ. ಕರಾರು ಇಲ್ಲದೆ ಉದ್ದಿಮೆ ಪರವಾನಗಿ ಸಿಗಲಿಲ್ಲ. ಪರವಾನಗಿ ಇಲ್ಲ ಅಂತ ಬ್ಯಾಂಕಿನಲ್ಲಿ ಮುದ್ರಾ ಸಾಲಕ್ಕೆ ಹೋದಾಗಲೂ ತಕರಾರು ತೆಗೆದರು. ಬಾಡಿಗೆ ಕೊಟ್ಟಿದ್ದಕ್ಕೆ ರಸೀದಿ ಕೇಳಿದರೆ ಯಜಮಾನರು ನಗುತ್ತಿದ್ದರು.

ಕೊನೆಗೆ ಆಡಿಟ್‌ನವರು ಆಕ್ಷೇಪಣೆ ಬರೆದರು ಅಂತ ಸುದ್ದಿ ಬಂತು. ಅವಧಿ ಮುಗಿದ ಎಲ್ಲ ಮಳಿಗೆಗಳನ್ನೂ ಮತ್ತೆ ಹರಾಜು ಮಾಡುತ್ತಾರಂತೆ. ಕಾಂಪ್ಲೆಕ್ಸ್ ತುಂಬ ಗುಸುಗುಸು. ಹಳೇ ಗುತ್ತಿಗೆದಾರರು ಒಟ್ಟಾಗಿ ಕೋರ್ಟಿಗೆ ಹೋದರು. ಕೆಲವು ಮಳಿಗೆಗೆ ತಡೆಯಾಜ್ಞೆ ಸಿಕ್ಕಿತು. ಇನ್ನು ಕೆಲವರು ತಾವಾಗಿಯೇ ಸುಮ್ಮನಾದರು. ಒಂದು ವಿಷಯ ತಿಳಿದಿರಲಿ. ಮನೆ, ಅಂಗಡಿ ಬಾಡಿಗೆದಾರರಿಗೆ ರಕ್ಷಣೆ ಕೊಡುವ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳ ಕಟ್ಟಡಕ್ಕೆ ಅನ್ವಯಿಸಲ್ಲ. ಇಲ್ಲಿ ನಡೆಯುವುದು 1974ರ ಸಾರ್ವಜನಿಕ ಆವರಣಗಳಿಂದ ಅನಧಿಕೃತ ವಾಸಿಗಳನ್ನು ಹೊರಹಾಕುವ ಕಾಯ್ದೆ. ನೋಟಿಸ್ ಕೊಟ್ಟು, ಅಹವಾಲು ಕೇಳಿ, ಖಾಲಿ ಮಾಡಿಸುವ ಅಧಿಕಾರ ಅದರಲ್ಲಿದೆ. "ಇಪ್ಪತ್ತು ವರ್ಷದಿಂದ ಇದ್ದೀನಿ, ಯಾರು ಅಲ್ಲಾಡಿಸ್ತಾರೆ" ಅನ್ನುವ ಮಾತು ಇಲ್ಲಿ ನಡೆಯಲ್ಲ.

ಪ್ರಕಟಣೆ ಪತ್ರಿಕೆಯಲ್ಲಿ ಬಂತು. ಚಿಕ್ಕ ಅಕ್ಷರ, ಒಳಗಿನ ಪುಟ. ಪುರಸಭೆ ನೋಟಿಸ್ ಬೋರ್ಡಿಗೂ ಅಂಟಿಸಿದ್ದರು. ಅದನ್ನು ಕ್ಯಾಮೆರಾದಲ್ಲಿ ಹಿಡಿದುಕೊಂಡು ಮನೆಯಲ್ಲಿ ದೊಡ್ಡದು ಮಾಡಿ ಓದಿದೆ. ನೀವೂ ಹಾಗೇ ಮಾಡಿ. ಯಾಕೆಂದರೆ ಕೌಂಟರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕೊನೆಗೆ ಲೆಕ್ಕಕ್ಕೆ ಬರುವುದು ಆ ಹಾಳೆಯಲ್ಲಿ ಇರುವುದು ಮಾತ್ರ. ಎಲ್ಲೆಲ್ಲಿ ಬಹಿರಂಗ ಹರಾಜು, ಎಲ್ಲೆಲ್ಲಿ ಆನ್‌ಲೈನ್ ಹರಾಜು ಅನ್ನುವುದೂ ಅದರಲ್ಲೇ ಇರುತ್ತೆ. ಆನ್‌ಲೈನ್ ಆದರೆ ಸರ್ಕಾರದ ಖರೀದಿ ಪೋರ್ಟಲ್‌ನಲ್ಲಿ ಮೊದಲೇ ನೋಂದಣಿ ಬೇಕು. ನಮ್ಮಲ್ಲಿ ಪುರಸಭೆ ಸಭಾಂಗಣದಲ್ಲೇ ಕೂಗುವ ಹರಾಜು.

ಷರತ್ತುಗಳು ಹೀಗಿದ್ದವು. ಅರ್ಜಿ ಶುಲ್ಕ 500 ರೂಪಾಯಿ, ವಾಪಸ್ ಬರಲ್ಲ. ಇಎಂಡಿ, ಅಂದರೆ ಕೂಗುವ ಮೊದಲೇ ಇಡಬೇಕಾದ ಮುಂಗಡ, 25,000 ರೂಪಾಯಿಗೆ ಮುಖ್ಯಾಧಿಕಾರಿ ಹೆಸರಿಗೆ ಡಿಡಿ. ಗೆದ್ದವರು ಏಳು ದಿನದೊಳಗೆ ಹನ್ನೆರಡು ತಿಂಗಳ ಬಾಡಿಗೆಯನ್ನು ಠೇವಣಿ ಕಟ್ಟಬೇಕು, ಇಲ್ಲದಿದ್ದರೆ ಇಎಂಡಿ ಮುಟ್ಟುಗೋಲು. ಗುತ್ತಿಗೆ ಐದು ವರ್ಷ. ಬಾಡಿಗೆ ವರ್ಷಕ್ಕೆ ಶೇ 5 ಏರಿಕೆ. ಒಳಬಾಡಿಗೆ ನಿಷೇಧ. ಎಲ್ಲಾ ಊರಲ್ಲೂ ಇದೇ ಇರಲ್ಲ. ನಿಮ್ಮ ಊರಿನದು ನೀವೇ ಓದಿಕೊಳ್ಳಿ. ಕೆಲವು ಮಳಿಗೆಗಳನ್ನು ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲರಿಗೆ ಅಂತ ಮೀಸಲಿಟ್ಟಿದ್ದರು. ಅದಕ್ಕೆ ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರ್ ನೋಡುತ್ತಾರೆ. ಅರ್ಹತೆ ಇದ್ದರೆ ಖಂಡಿತ ಮೀಸಲು ಮಳಿಗೆಗೇ ಹಾಕಿ, ಅಲ್ಲಿ ಪೈಪೋಟಿ ಕಡಿಮೆ. ಆದರೆ ಬೇರೆಯವರು ನಿಮ್ಮ ಹೆಸರಲ್ಲಿ ಹಿಡಿಯುತ್ತೇವೆ, ಸಹಿ ಹಾಕಿ ಸಾಕು ಅಂತ ಬಂದರೆ ಒಪ್ಪಿಕೊಳ್ಳಬೇಡಿ. ಬಾಕಿ ನೋಟಿಸ್ ಬರುವುದು ನಿಮ್ಮ ಮನೆಗೆ.

ಕಾಗದಗಳಲ್ಲಿ ಆಧಾರ್, ಪ್ಯಾನ್, ಫೋಟೊ ಸಲೀಸು. ನನ್ನನ್ನು ಅಲೆದಾಡಿಸಿದ್ದು ಬೇಬಾಕಿ ಪತ್ರ. ಪುರಸಭೆಗೆ ನೀವು ಯಾವ ತೆರಿಗೆಯನ್ನೂ ಉಳಿಸಿಕೊಂಡಿಲ್ಲ ಅಂತ ಪುರಸಭೆಯೇ ಕೊಡುವ ಪತ್ರ. ನಮ್ಮ ಮನೆ ಅತ್ತೆಯವರ ಹೆಸರಲ್ಲಿದೆ. ಕಂದಾಯ ಪ್ರತಿ ವರ್ಷ ಕಟ್ಟಿದ್ದೇವೆ. ನೀರಿನ ಬಿಲ್ಲು ಮಾತ್ರ ಹಳೇ ನಲ್ಲಿ ನಂಬರಿನಲ್ಲಿ ಬಾಕಿ ತೋರಿಸುತ್ತಿತ್ತು. ಆ ನಲ್ಲಿ ಕಿತ್ತುಹಾಕಿ ಎಷ್ಟೋ ಕಾಲವಾಗಿದೆ. ಕಂಪ್ಯೂಟರಿನಲ್ಲಿ ಅದು ಇನ್ನೂ ನೀರು ಸುರಿಸುತ್ತಲೇ ಇತ್ತು! "ಮೊದ್ಲು ಕಟ್ಟಿಬಿಡಿ ಮೇಡಂ, ಆಮೇಲೆ ಸರಿ ಮಾಡಿಸ್ಕೊಳ್ಳಿ" ಅಂದರು ಕೇಸ್ ವರ್ಕರ್. ಡಿಡಿಗೆ ಕೊನೇ ದಿನ ಹತ್ತಿರ ಬಂದಿತ್ತು. ವಾದ ಮಾಡುತ್ತಾ ಕೂರದೆ ಕಟ್ಟಿ, ರಸೀದಿ ತೆಗೆದುಕೊಂಡು, ಪತ್ರ ಪಡೆದೆ. ಹರಾಜಿನ ಸುದ್ದಿ ಕಿವಿಗೆ ಬಿದ್ದ ದಿನವೇ ನಿಮ್ಮ ಮನೆಯ ಕಂದಾಯ, ನೀರು ಎರಡನ್ನೂ ನೋಡಿಸಿಕೊಳ್ಳಿ.

ಇಷ್ಟೆಲ್ಲ ಆದ ಮೇಲೆ ಹರಾಜು ಮುಂದಕ್ಕೆ ಹೋಯಿತು. ಚುನಾವಣಾ ನೀತಿ ಸಂಹಿತೆ. ಆಮೇಲೆ ಇನ್ನೊಮ್ಮೆ ಮುಂದಕ್ಕೆ, ಈ ಸಲ ಕಾರಣವನ್ನೇ ಹೇಳಲಿಲ್ಲ. ಡಿಡಿಗೆ ಮೂರು ತಿಂಗಳ ಆಯುಷ್ಯ ಅನ್ನುವುದು ನೆನಪಿರಲಿ. ಅವಧಿ ಮೀರಿದರೆ ಬ್ಯಾಂಕಿಗೆ ಹೋಗಿ ಮತ್ತೆ ಊರ್ಜಿತ ಮಾಡಿಸಬೇಕು. ಅದಕ್ಕೂ ಒಂದಿಷ್ಟು ಶುಲ್ಕ.

ಹರಾಜಿನ ದಿನ ಸಭಾಂಗಣ ಕಿಕ್ಕಿರಿದಿತ್ತು. ಮೊದಲು ವಾರದ ಸಂತೆಯ ನೆಲವಳಿ ಸುಂಕ ಕೂಗಿದರು. ಆಮೇಲೆ ಬಸ್ ನಿಲ್ದಾಣದ ಪಕ್ಕದ ಶೌಚಾಲಯ. ಆಮೇಲೆ ನಮ್ಮ ಮಳಿಗೆಗಳು. ಸ್ಥಳೀಯ ಸಂಸ್ಥೆಗೆ ತೆರಿಗೆ ಬಿಟ್ಟು ಇನ್ನೇನು ಆದಾಯ ಅಂತ ನೋಡಬೇಕಿದ್ದರೆ ಒಮ್ಮೆ ಇಂಥ ಹರಾಜಿನಲ್ಲಿ ಕೂರಬೇಕು. ನನ್ನ ತವರಿನ ಗ್ರಾಮ ಪಂಚಾಯಿತಿಯಲ್ಲಿ ಹುಣಸೆ ಮರದ ಫಸಲು, ಕೆರೆಯ ಮೀನು ಕೂಗುತ್ತಾರೆ. ಬೆಂಗಳೂರಿನಲ್ಲಿ ಬಿಎಂಟಿಸಿ ಶಾಂತಿನಗರ, ಯಶವಂತಪುರದಂಥ ಕಡೆ ಬಸ್ ನಿಲ್ದಾಣದ ಮೇಲೇ ಮಹಡಿ ಕಟ್ಟಿ ಕಚೇರಿಗಳಿಗೆ ಬಾಡಿಗೆಗೆ ಕೊಟ್ಟಿದೆ. ಕೇಂದ್ರ ಸರ್ಕಾರ 2021ರಲ್ಲಿ ರಸ್ತೆ, ರೈಲು, ವಿದ್ಯುತ್ ಮಾರ್ಗಗಳನ್ನೆಲ್ಲ ಗುತ್ತಿಗೆಗೆ ಕೊಟ್ಟು ನಾಲ್ಕು ವರ್ಷದಲ್ಲಿ 6 ಲಕ್ಷ ಕೋಟಿ ರೂಪಾಯಿ ತರುತ್ತೇವೆ ಅಂತ ದೊಡ್ಡ ಯೋಜನೆ ಹೇಳಿತ್ತು. ಮೊತ್ತ ಬೇರೆ ಬೇರೆ, ವ್ಯವಹಾರ ಒಂದೇ. ಆಸ್ತಿ ಮಾರುವುದಿಲ್ಲ, ಇಷ್ಟು ವರ್ಷ ಬಳಸುವ ಹಕ್ಕನ್ನು ಕೊಡುತ್ತಾರೆ.

ನಮ್ಮ ಮಳಿಗೆಗೆ ಸರ್ಕಾರಿ ಸವಾಲು 4,200 ರೂಪಾಯಿ ಇತ್ತು. ಅಂದರೆ ಕೂಗು ಶುರುವಾಗುವ ಬಾಡಿಗೆ. ಶುರುವಾಗುವ ಮುಂಚೆ ಹೊರಗೆ ವರಾಂಡದಲ್ಲಿ ಇಬ್ಬರು ಬಂದರು. "ಅಕ್ಕ, ಆ ನಂಬರಿಗೆ ನೀವು ಕೂಗ್ಬೇಡಿ. ನಾವು ಹಿಡಿದು ನಿಮಗೇ ಕೊಡ್ತೀವಿ, ಈಗ ಎಷ್ಟು ಕೊಡ್ತಿದ್ದೀರೋ ಅಷ್ಟೇ ಕೊಡಿ." ಮತ್ತೆ ಒಳಬಾಡಿಗೆಯೇ! "ನೋಡೋಣ ಅಣ್ಣ" ಅಂತ ಒಳಗೆ ಹೋದೆ. ಇದಕ್ಕೆ ರಿಂಗ್ ಅಂತಾರೆ. ನಾಲ್ಕೈದು ಜನ ಸೇರಿ ಕೂಗನ್ನು ಕೆಳಗೇ ನಿಲ್ಲಿಸಿ, ಆಮೇಲೆ ಒಳಗೊಳಗೆ ಹಂಚಿಕೊಳ್ಳುತ್ತಾರೆ. ಪುರಸಭೆಗೆ ನಷ್ಟ, ನಿಜವಾಗಿ ಅಂಗಡಿ ಹಾಕುವವರಿಗೂ ನಷ್ಟ.

ಮನೆಯಲ್ಲಿ ಕೂತು 8,000ಕ್ಕೆ ಮೇಲೆ ಹೋಗಬಾರದು ಅಂತ ನಿರ್ಧರಿಸಿಕೊಂಡು ಹೋಗಿದ್ದೆ. ಆ 8,000 ಹೇಗೆ ಬಂತು ಅಂದರೆ, ನನ್ನ ಅಂಗಡಿಯಲ್ಲಿ ಮದುವೆ ಸೀಸನ್ ಬಿಟ್ಟು ಉಳಿದ ತಿಂಗಳ ಲಾಭ ತೆಗೆದುಕೊಂಡೆ. ಆಷಾಢದ ವ್ಯಾಪಾರದಲ್ಲೂ ಕಟ್ಟಲು ಆಗಬೇಕು, ಶ್ರಾವಣದ್ದನ್ನು ನಂಬಬಾರದು. ಕೂಗು 5,000 ದಾಟಿತು, 6,000 ದಾಟಿತು. ಸಭಾಂಗಣದಲ್ಲಿ ಕೂಗುವ ಹೆಂಗಸರು ಕಡಿಮೆ. ನಾನು ಕೈಯೆತ್ತಿದಾಗೆಲ್ಲ ಹಿಂದಿನಿಂದ ಏನೋ ಮಾತು, ನಗು. ಕೈ ನಡುಗುತ್ತಿತ್ತು. 7,900ಕ್ಕೆ ನಾನು ಕೂಗಿದ ಮೇಲೆ ಎದುರಿನವರು ಸುಮ್ಮನಾದರು. "ಒಂದು ಸಾರಿ, ಎರಡು ಸಾರಿ, ಮೂರು ಸಾರಿ." ನನ್ನ ನಂತರದ ಎರಡು ಮೂಲೆ ಮಳಿಗೆಗಳು 15,000 ಮೇಲೆ ಹೋದವು. ಪಂತಕ್ಕೆ ಬಿದ್ದು ಕೂಗಿದ್ದು ಅವು. ಅದರಲ್ಲಿ ಒಬ್ಬರು ಠೇವಣಿ ಕಟ್ಟಲೇ ಇಲ್ಲ, ಇಎಂಡಿ ಹೋಯಿತು, ಮಳಿಗೆಗೆ ಇವತ್ತಿಗೂ ಬೀಗ. ಜಾಸ್ತಿ ಕೂಗಿದರೆ ಪುರಸಭೆಗೆ ಜಾಸ್ತಿ ಬರುತ್ತೆ ಅನ್ನುವುದು ಕಾಗದದ ಮೇಲಿನ ಮಾತು ಅಷ್ಟೇ.

ಗೆದ್ದ ಖುಷಿಯಲ್ಲಿ ಮನೆಗೆ ಬಂದು ಲೆಕ್ಕ ಬರೆದೆ. ಠೇವಣಿ 94,800. ಇಎಂಡಿ ಇದರಲ್ಲೇ ವಜಾ ಆಗುತ್ತೆ, ಹಾಗಾಗಿ ಕೈಯಿಂದ 69,800. ಒಡವೆ ಇಟ್ಟು ಕಟ್ಟಿದೆ. ಇನ್ನು ಎಲ್ಲರೂ ಮರೆಯುವ ಬಾಬತ್ತು ಜಿಎಸ್‌ಟಿ. ಕೂಗಿದ ಬಾಡಿಗೆಯ ಮೇಲೆ ಶೇ 18. ನೀವು ಜಿಎಸ್‌ಟಿ ನೋಂದಣಿ ಮಾಡಿಸಿಲ್ಲ ಅಂದರೆ ಪುರಸಭೆಯೇ ಬಾಡಿಗೆಗೆ ಸೇರಿಸಿ ವಸೂಲಿ ಮಾಡುತ್ತೆ. ನನ್ನದು ಹೀಗೆ, 7,900ಕ್ಕೆ 1,422 ಸೇರಿ 9,322. ನೋಂದಣಿ ಇದ್ದರೆ ಪುರಸಭೆಗೆ ಬರಿ ಬಾಡಿಗೆ ಕಟ್ಟಿ, ತೆರಿಗೆಯನ್ನು ನೀವೇ ನೇರವಾಗಿ ಸರ್ಕಾರಕ್ಕೆ ಕಟ್ಟಬೇಕು. ಪಕ್ಕದ ಮೊಬೈಲ್ ಅಂಗಡಿಯವರು ಹಾಗೆ ಕಟ್ಟಿ ಆಮೇಲೆ ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುತ್ತಾರೆ. ಕಾಂಪೋಸಿಷನ್‌ನಲ್ಲಿ, ಅಂದರೆ ವಹಿವಾಟಿನ ಮೇಲೆ ಇಂತಿಷ್ಟು ಅಂತ ತೆರಿಗೆ ಕಟ್ಟುವ ಸಣ್ಣ ವ್ಯಾಪಾರಿಗಳ ಪದ್ಧತಿಯಲ್ಲಿ ಇರುವವರಿಗೆ ಆ ಸೌಲಭ್ಯ ಇಲ್ಲ, ಪೂರ್ತಿ ಖರ್ಚೇ. ವರ್ಷಕ್ಕೆ ಶೇ 5 ಏರಿಕೆ ಬೇರೆ. ಐದನೇ ವರ್ಷಕ್ಕೆ ನನ್ನ ಬಾಡಿಗೆ 9,600 ದಾಟುತ್ತೆ, ತೆರಿಗೆ ಸೇರಿದರೆ 11,300ರ ಮೇಲೆ. ಕೂಗುವ ಮೊದಲು ಈ ಕೊನೇ ವರ್ಷದ ಅಂಕಿಯನ್ನು ನೋಡಿಕೊಳ್ಳಿ. ಮೊದಲ ತಿಂಗಳದ್ದನ್ನು ನೋಡಿದರೆ ಸಾಲದು.

ಏಳು ದಿನದೊಳಗೆ ನಾನು ಕಟ್ಟಿದೆ. ಅಲ್ಲಿಂದ ಮುಂದೆ ಕಾಯುವ ಸರದಿ. ಹರಾಜಿನಲ್ಲಿ ಗೆದ್ದರೆ ಮುಗಿಯಲ್ಲ. ಅದಕ್ಕೆ ಪುರಸಭೆಯ ಸಾಮಾನ್ಯ ಸಭೆಯಲ್ಲಿ ಮಂಜೂರಾತಿ ಆಗಬೇಕು. ಆಮೇಲೆ ಕಡತ ಜಿಲ್ಲಾ ಕೇಂದ್ರಕ್ಕೆ ಹೋಗಿ ಬರಬೇಕು ಅಂದರು. ಸಭೆ ಕರೆದರೆ ಕೋರಂ ಇಲ್ಲ. ಕೋರಂ ಇದ್ದ ದಿನ ಕುಡಿಯುವ ನೀರಿನ ಗಲಾಟೆಯಲ್ಲೇ ಸಭೆ ಮುಗಿಯಿತು. ಕಡತ ಜಿಲ್ಲಾ ಕೇಂದ್ರದಿಂದ ಒಂದು ಪ್ರಶ್ನೆ ಹೊತ್ತು ವಾಪಸ್ ಬಂತು, ಸರ್ಕಾರಿ ಸವಾಲು ನಿಗದಿ ಮಾಡಿದ ಎಂಜಿನಿಯರ್ ವರದಿಗೆ ಸಹಿ ಇಲ್ಲವಂತೆ. ಆರೇಳು ತಿಂಗಳು ಹೀಗೇ ಹೋಯಿತು. ಒಡವೆ ಸಾಲದ ಬಡ್ಡಿ ಓಡುತ್ತಿತ್ತು. ನಾನು ಹಳೇ ಯಜಮಾನರಿಗೆ ಅದೇ 6,500 ಕೊಡುತ್ತಲೇ ಇದ್ದೆ. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಹರಾಜೇ ರದ್ದಾದರೆ? ಅನ್ನುವುದೇ ತಲೆಯಲ್ಲಿ.

ನನಗೆ ಇವತ್ತಿಗೂ ಅರ್ಥವಾಗದ್ದು ಇದು. ಆ ಒಂದೊಂದು ತಿಂಗಳೂ ನನ್ನ ಮಳಿಗೆಯಿಂದ ಪುರಸಭೆಗೆ 7,900 ಬರಬೇಕಿತ್ತು, ಬಂದದ್ದು ಹಳೇ 900ರ ಲೆಕ್ಕ, ಅದೂ ಬಾಕಿ ಪುಸ್ತಕದಲ್ಲಿ. ಎಲ್ಲಾ ಮಳಿಗೆಗೂ ಹಾಗೇ. ಈ ಬಾಡಿಗೆ ಸೇರುವುದು ಪುರಸಭೆಯ ಸ್ವಂತ ನಿಧಿಗೆ. ಸ್ವಂತ ನಿಧಿಯಲ್ಲಿ ಶೇ 24.10 ಪರಿಶಿಷ್ಟ ಜಾತಿ, ಪಂಗಡದವರ ಕೆಲಸಕ್ಕೆ, ಶೇ 7.25 ಇತರೆ ಬಡವರಿಗೆ, ಶೇ 5 ಅಂಗವಿಕಲರಿಗೆ ಅಂತ ತೆಗೆದಿಡಬೇಕು. ಯಾರದೋ ಮನೆಯ ಮಗುವಿಗೆ ಲ್ಯಾಪ್‌ಟಾಪ್, ಯಾರಿಗೋ ತ್ರಿಚಕ್ರ ವಾಹನ ಬರುವುದು ಈ ದುಡ್ಡಿನಲ್ಲಿ. ಮಳಿಗೆ ಕಟ್ಟಿಸುವಾಗ, ಉದ್ಘಾಟಿಸುವಾಗ ಇರುವ ಹುಮ್ಮಸ್ಸಿನಲ್ಲಿ ಅರ್ಧದಷ್ಟಾದರೂ ಕಡತ ಸಾಗಿಸುವುದರಲ್ಲಿ ಇದ್ದಿದ್ದರೆ ಸಾಕಿತ್ತು. ಹೊಸ ಕಾಂಪ್ಲೆಕ್ಸ್‌ಗೆ ಅಂದಾಜು ಪಟ್ಟಿ ಮಾತ್ರ ಬೇಗ ರೆಡಿಯಾಗುತ್ತೆ, ಅಲ್ವಾ?

ಕಾಯುವಾಗ ಸುಮ್ನೆ ಕೂರಬೇಡಿ. ನಾನು ಪ್ರತಿ ಸಲವೂ ಬಾಯಲ್ಲಿ ಕೇಳದೆ ಅರ್ಜಿ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳುತ್ತಿದ್ದೆ. ಮುಂದೆ ಅದೇ ನನ್ನನ್ನು ಕಾಪಾಡಿತು.

ಮಂಜೂರಾತಿ ಬಂತು. ಯಜಮಾನರು ಖಾಲಿ ಮಾಡಿಕೊಡಲು ಒಪ್ಪಲಿಲ್ಲ. ಒಳಗಿದ್ದದ್ದು ನನ್ನದೇ ಸಾಮಾನು, ಆದರೂ ಶಟರ್ ಅವರು ಹಾಕಿಸಿದ್ದು, ರ‍್ಯಾಕ್ ಅವರದು ಅಂತ ತಕರಾರು. ಕಂದಾಯ ಅಧಿಕಾರಿ ಬಂದು ಪಂಚನಾಮೆ ಬರೆದು, ರ‍್ಯಾಕ್ ಅವರಿಗೆ ಕೊಟ್ಟು, ಬೀಗ ಹಾಕಿ, ಮತ್ತೆ ಅದೇ ಬೀಗ ತೆಗೆದು ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಕೀಲಿ ತೆಗೆದುಕೊಳ್ಳುವಾಗ ತಾರೀಕು ಹಾಕಿದ ಹಸ್ತಾಂತರ ಪತ್ರವನ್ನು ಕೇಳಿ ಪಡೆಯಿರಿ. ಅವರಾಗಿ ಕೊಡಲ್ಲ.

ವಿದ್ಯುತ್ ಮೀಟರ್‌ನದು ಇನ್ನೊಂದು ಕಥೆ. ಹಳೇ ಆರ್‌ಆರ್ ನಂಬರಿನಲ್ಲಿ, ಅಂದರೆ ಕರೆಂಟ್ ಸಂಪರ್ಕದ ನಂಬರಿನಲ್ಲಿ, ಬಾಕಿ ಇತ್ತು. ಬಾಕಿ ತೀರದೆ ಹೆಸರು ಬದಲಾಗಲ್ಲ ಅಂದರು. ಪುರಸಭೆ ಹಳೇ ಗುತ್ತಿಗೆದಾರರ ಠೇವಣಿಯಲ್ಲಿ ಮುರಿದುಕೊಂಡು ಕಟ್ಟಲಿ ಅಂತ ಅರ್ಜಿ ಕೊಟ್ಟೆ. ಆಶ್ಚರ್ಯ, ಅದು ಆಯಿತು. ಕೂಗುವ ಮುಂಚೆಯೇ ಮೀಟರ್ ಮೇಲಿನ ನಂಬರ್ ಬರೆದುಕೊಂಡು ಬಾಕಿ ಎಷ್ಟಿದೆ ನೋಡಿಕೊಳ್ಳಿ. ಮಳೆ ಬಂದ ಮರುದಿನ ಹೋಗಿ ಚಾವಣಿಯನ್ನೂ ನೋಡಿ. ಹರಾಜು "ಇದ್ದ ಸ್ಥಿತಿಯಲ್ಲಿ" ಅಂತ ಷರತ್ತಿನಲ್ಲಿ ಇರುತ್ತೆ. ಸೋರಿದರೆ ನಿಮ್ಮ ತಲೆ.

ಕರಾರು ನೋಂದಣಿ ಬಗ್ಗೆ ಒಂದು ಮಾತು. ಒಂದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆ ಅಂದರೆ ನೋಂದಣಿ ಕಡ್ಡಾಯ. ಅದನ್ನು ತಪ್ಪಿಸಿಕೊಳ್ಳಲು ಹನ್ನೊಂದು ತಿಂಗಳ ಕರಾರು ಬರೆದು ಕೊಡುತ್ತೇವೆ ಅಂದರು. ನಾನು ಒಪ್ಪಲಿಲ್ಲ. ಐದು ವರ್ಷಕ್ಕೆ ಕೂಗಿ, ವರ್ಷದ ಠೇವಣಿ ಕಟ್ಟಿ, ಹನ್ನೊಂದು ತಿಂಗಳ ಕಾಗದ ಹಿಡಿದುಕೊಂಡು ಏನು ಮಾಡಲಿ? ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಕರಡು ಹಾಕಿ, ಸಮಯ ತೆಗೆದುಕೊಂಡು, ಉಪನೋಂದಣಿ ಕಚೇರಿಗೆ ಹೋದೆವು. ಮುದ್ರಾಂಕ, ನೋಂದಣಿ ಶುಲ್ಕ ಎರಡೂ ನನ್ನದೇ ಖರ್ಚು. ಕರಡಿನಲ್ಲಿ ಬಾಡಿಗೆ ಹರಾಜಿನ ದಿನದಿಂದ ಶುರು ಅಂತ ಟೈಪಾಗಿತ್ತು. ಓದಿ ನೋಡಿ, ಹಸ್ತಾಂತರದ ದಿನದಿಂದ ಅಂತ ತಿದ್ದಿಸಿದೆ. ಆ ಒಂದು ಸಾಲಿನಲ್ಲಿ ಅರ್ಧ ಲಕ್ಷದ ವ್ಯತ್ಯಾಸ ಇತ್ತು.

ಕರಾರು ಕೈಗೆ ಬಂದ ಮೇಲೆ ಉದ್ದಿಮೆ ಪರವಾನಗಿ ಬೇಗ ಆಯಿತು. ನಾಮಫಲಕದಲ್ಲಿ ಶೇ 60 ಕನ್ನಡ ಇರಬೇಕು ಅಂದರು. ನನ್ನದು ಪೂರ್ತಿ ಕನ್ನಡವೇ.

ಮೊದಲ ಬಾಡಿಗೆ ಬೇಡಿಕೆ ಚೀಟಿ ಬಂದಾಗ ಎದೆ ಧಸಕ್ ಅಂತು. ಕರಾರಿನಲ್ಲಿ ತಿದ್ದಿದ್ದರೂ ಬೇಡಿಕೆ ವಹಿಯಲ್ಲಿ ತಿದ್ದಿರಲಿಲ್ಲ. ಹರಾಜಿನ ತಿಂಗಳಿನಿಂದಲೇ ಬಾಕಿ ಎಳೆದಿದ್ದರು. ಹಸ್ತಾಂತರ ಪತ್ರ, ನೋಂದಾಯಿತ ಕರಾರು, ಮೊಹರು ಬಿದ್ದ ನನ್ನ ಹಳೇ ಅರ್ಜಿಗಳು, ಎಲ್ಲದರ ನಕಲು ಜೋಡಿಸಿ ಕೊಟ್ಟೆ. ಕಂದಾಯ ನಿರೀಕ್ಷಕರು ಓದಿ, "ಸರಿ ಇದೆ ಮೇಡಂ, ತೆಗೆದುಹಾಕ್ತೀವಿ" ಅಂದರು. "ತೆಗೆದ ಮೇಲೆ ಆ ಪುಟದ ನಕಲು ಕೊಡಿ ಸಾರ್" ಅಂದೆ. ಕೊಟ್ಟರು. ಅದನ್ನು ಲ್ಯಾಮಿನೇಟ್ ಮಾಡಿಸಿ ಕರಾರಿನ ಜೊತೆ ಇಟ್ಟಿದ್ದೇನೆ. ಏಪ್ರಿಲ್‌ನಲ್ಲಿ ಹೊಸ ವರ್ಷದ ವಹಿ ತೆರೆಯುವಾಗ ಹಳೇ ಬಾಕಿ ಮತ್ತೆ ತಲೆಯೆತ್ತುವುದು ಉಂಟು ಅಂತ ಪಕ್ಕದ ಮೊಬೈಲ್ ಅಂಗಡಿಯವರು ಹೇಳಿದ್ದಾರೆ.